ಫಲಕದ ಮೇಲಿನ ಒಣ ಎಲೆ

ಇಂದು ಬೆಳಿಗ್ಗೆ ತಾರಸಿಯ ಸೌರಫಲಕಗಳನ್ನು ಒರೆಸಲು ಹೋದಾಗ, ಒಂದರ ಮೂಲೆಯಲ್ಲಿ ಅಂಗೈಯಗಲದ ಒಣ ಎಲೆಯೊಂದು ಇಬ್ಬನಿಗೆ ಅಂಟಿಕೊಂಡಿರುವುದು ಕಂಡಿತು. ಅಷ್ಟು ಸಣ್ಣ ನೆರಳಿನಿಂದ ಏನಾದೀತು ಎಂದು ಮೊದಲೆಲ್ಲ ನಾನೂ ಉದಾಸೀನ ಮಾಡುತ್ತಿದ್ದೆ. ಆದರೆ ಫಲಕದೊಳಗಿನ ಸಿಲಿಕಾನ್ ಕೋಶಗಳನ್ನು ಸರಪಳಿಯಂತೆ ಒಂದರ ಹಿಂದೊಂದು ಜೋಡಿಸಿರುವುದರಿಂದ, ನೆರಳಿಗೆ ಸಿಕ್ಕಿದ ಒಂದೇ ಕೋಶ ಇಡೀ ಸಾಲಿನ ವಿದ್ಯುತ್ ಪ್ರವಾಹವನ್ನು ಕುಗ್ಗಿಸಬಲ್ಲದು. ಅದಕ್ಕೆಂದೇ ಹಿಂಬದಿಯ ಪುಟ್ಟ ಪೆಟ್ಟಿಗೆಯಲ್ಲಿ, ಪ್ರವಾಹಕ್ಕೆ ಬಳಸುದಾರಿ ಒದಗಿಸುವ ಡಯೋಡ್‌ಗಳನ್ನು ಇಟ್ಟಿರುತ್ತಾರೆ.

ಇನ್ನೊಂದು ಸೋಜಿಗವೆಂದರೆ, ಫಲಕಕ್ಕೆ ಬೇಕಾದದ್ದು ಬೆಳಕೇ ಹೊರತು ಬಿಸಿಯಲ್ಲ. ಬೆಳಕಿನ ಕಣಗಳು ಸಿಲಿಕಾನ್‌ನಲ್ಲಿರುವ ಎಲೆಕ್ಟ್ರಾನ್‌ಗಳನ್ನು ಬಂಧನದಿಂದ ಬಿಡಿಸುವುದರಿಂದ ವಿದ್ಯುತ್ ಹುಟ್ಟುತ್ತದೆ. ಕೋಶ ಕಾದಷ್ಟೂ ಅದರ ವೋಲ್ಟೇಜ್ ಇಳಿಯುವುದರಿಂದ, ಬಿಸಿಲು ಚೆನ್ನಾಗಿದ್ದು ತಂಪುಗಾಳಿಯೂ ಬೀಸುವ ದಿನವೇ ಅದಕ್ಕೆ ಹಿತ. ನೀರು ಕಾಯಿಸುವ ಸೋಲಾರ್ ಹೀಟರ್‌ಗೆ ಬೇಕಾದದ್ದು ಬಿಸಿಯೇ (ಎರಡೂ ಒಂದೇ ಎಂದು ತಿಳಿದವರು ಈಗಲೂ ಸಿಗುತ್ತಾರೆ).

1954ರಲ್ಲಿ ಬೆಲ್ ಪ್ರಯೋಗಾಲಯ ಪ್ರದರ್ಶಿಸಿದ ಸಿಲಿಕಾನ್ ಕೋಶ ತನ್ನ ಮೇಲೆ ಬಿದ್ದ ಬೆಳಕಿನ ಸುಮಾರು ಶೇ. 6ರಷ್ಟನ್ನು ಮಾತ್ರ ವಿದ್ಯುತ್ತಾಗಿಸಿತ್ತು. ಇಂದಿನ ಒಳ್ಳೆಯ ಫಲಕಗಳು ಶೇ. 20ನ್ನು ದಾಟಿವೆ. ಎಲೆಯನ್ನು ತೆಗೆದು ಕೆಳಗಿಳಿದು ಇನ್ವರ್ಟರ್‌ನ ಪರದೆ ನೋಡಿದರೆ, ಅಂಕಿ ಆಗಲೇ ಮೇಲೇರತೊಡಗಿತ್ತು. ಅದರಲ್ಲಿ ಎಲೆಗಿಂತ ಏರುತ್ತಿದ್ದ ಸೂರ್ಯನ ಪಾಲೇ ಹೆಚ್ಚಿತ್ತೆನ್ನಿ.