ಬೆರಳಿಗೆ ಹೊಟ್ಟೆಯ ಕೈ ಆಗಲ್ಲ

ನಮ್ಮ ಅಲ್ಟ್ರಾಸೌಂಡ್ ಸ್ಕ್ಯಾನಿಂಗ್ ಲಿಸ್ಟಿನಲ್ಲಿ ಕೈಬೆರಳಿಗೆ ಯಾವಾಗಲೂ ಕೊನೆಯ ಜಾಗ. ಹೊಟ್ಟೆ, ಗರ್ಭಿಣಿಯರ ಎನ್‌ಟಿ, ಅನಾಮಲಿ ಸ್ಕ್ಯಾನ್ ಎಲ್ಲ ಮುಗಿದ ಮೇಲೆ ಸಿಸ್ಟರ್ "ಅದೊಂದು ಕೈ ಉಳಿದಿದೆ ಮೇಡಂ" ಅನ್ನುತ್ತಾರೆ. ಆಡಳಿತದವರ ಲೆಕ್ಕದಲ್ಲಿ ಹೊಟ್ಟೆಗೂ ಕೈಗೂ ಒಂದೇ ಸ್ಲಾಟ್. ಎರಡು ಕೈಯ ಮಣಿಕಟ್ಟು, ಎಂಸಿಪಿ (ಬೆರಳ ಬುಡದ ಗೆಣ್ಣು), ಪಿಐಪಿ (ಬೆರಳ ನಡುವಿನ ಗೆಣ್ಣು) ಎಲ್ಲ ಸೇರಿದರೆ 22 ಕೀಲು. ಅವರಿಗೆ ಯಾರು ಹೇಳಬೇಕು?

ಆ ದಿನ ಬಂದಾಕೆಗೆ ಹೊಲಿಗೆ ಕೆಲಸ. ಬೆಳಿಗ್ಗೆ ಎದ್ದರೆ ಗಂಟೆಗಟ್ಟಲೆ ಕತ್ತರಿ ಹಿಡಿಯೋಕೆ ಆಗಲ್ಲ. ರುಮಟಾಯ್ಡ್ ಸಂಧಿವಾತದ ಅನುಮಾನ. ಅದರ ರಕ್ತಪರೀಕ್ಷೆಗಳಾದ ಆರ್‌ಎಫ್ ನೆಗೆಟಿವ್, ಆಂಟಿ ಸಿಸಿಪಿ ನೆಗೆಟಿವ್, ಎಕ್ಸ್‌ರೇ ನಾರ್ಮಲ್. ಬಲಗೈಯ ಎರಡನೇ ಎಂಸಿಪಿಯಲ್ಲಿ ಸೈನೋವಿಯಂ, ಅಂದರೆ ಕೀಲಿನ ಒಳಪೊರೆ, ದಪ್ಪಗಿತ್ತು; ಗ್ರೇ ಸ್ಕೇಲ್ (ಕಪ್ಪು-ಬಿಳುಪು ಚಿತ್ರ) ಗ್ರೇಡ್ 2, ಅಂದರೆ ಮಧ್ಯಮ. ರಕ್ತದ ಹರಿವನ್ನು ಬಣ್ಣದಲ್ಲಿ ತೋರಿಸುವ ಪವರ್ ಡಾಪ್ಲರ್ ಹಾಕಿದೆ. ಒಂದು ಚುಕ್ಕೆಯೂ ಇಲ್ಲ. ಉರಿಯೂತ ಹಳೇದು, ಈಗ ಆರಿದೆ ಅಂದುಕೊಂಡು "ಆಕ್ಟಿವ್ ಸೈನೋವೈಟಿಸ್ ಇಲ್ಲ" ಎಂದು ಟೈಪ್ ಮಾಡಿಸಿದೆ.

ಸ್ವಲ್ಪ ಹೊತ್ತಿಗೆ ಆಕೆಯನ್ನು ಕಳಿಸಿದ್ದ ರುಮಟಾಲಜಿ (ಸಂಧಿವಾತ ವಿಭಾಗ) ಸರ್ ಖುದ್ದು ಇಳಿದು ಬಂದರು. ತಮಗೆ ಬೇಕಾದ ಉತ್ತರ ಬಂದಿಲ್ಲವೆಂದು ತಕರಾರು, ಮತ್ತೇನು, ಅಂದುಕೊಂಡು ಸ್ವಲ್ಪ ಬಿಗುಮಾನದಲ್ಲೇ ಮತ್ತೆ ಪ್ರೋಬ್ ಇಟ್ಟೆ. ಅವರು ಸ್ಕ್ರೀನ್ ನೋಡಲೇ ಇಲ್ಲ, ನನ್ನ ಕೈ ನೋಡಿದರು. "ಜೆಲ್ ಎಲ್ಲಿ ಮೇಡಂ?"

ಜೆಲ್ ತೆಳ್ಳಗಿದ್ದರೆ ಪ್ರೋಬ್ ನೇರ ಬೆರಳನ್ನೇ ಒತ್ತುತ್ತದೆ. ಹೊಟ್ಟೆ ನೋಡುವವರಿಗೆ ಒತ್ತುವುದು ಅಭ್ಯಾಸ, ಗ್ಯಾಸ್ ಸರಿಸಬೇಕಲ್ಲ. ಬೆರಳನ್ನು ಹಾಗೆ ಒತ್ತಿದರೆ ಸೈನೋವಿಯಂನ ಸಣ್ಣ ನಾಳಗಳು ಮುಚ್ಚಿಕೊಂಡು ಡಾಪ್ಲರ್ ಖಾಲಿ ಕಾಣುತ್ತದೆ. ಪ್ರಿಸೆಟ್ (ಮಷೀನಿನ ಸೆಟ್ಟಿಂಗ್) ನೋಡಿದರೆ ಅದೂ ಯಾರೋ ಕ್ಯಾರೋಟಿಡ್, ಅಂದರೆ ಕತ್ತಿನ ರಕ್ತನಾಳ, ಮಾಡಿ ಬಿಟ್ಟದ್ದು; ಪಿಆರ್‌ಎಫ್ (ಸೆಕೆಂಡಿಗೆ ಕಳಿಸುವ ಅಲೆಗಳ ಎಣಿಕೆ) ಎಲ್ಲೋ ಮೇಲೆ, ಅಲ್ಲಿ ನಿಧಾನದ ಹರಿವು ಕಾಣಲ್ಲ. ಜೊತೆಗೆ ಮಷೀನಿಗೆ ಹಿತವಾಗಲೆಂದು ಹಾಕಿದ ಎಸಿ. ಆಕೆಯ ಕೈ ಮಂಜುಗಡ್ಡೆ.

ಎಸಿ ಆಫ್ ಮಾಡಿ ಕೈ ಬೆಚ್ಚಗಾಗಲು ಬಿಟ್ಟೆವು. ಪಿಆರ್‌ಎಫ್ ಒಂದು ಕಿಲೋಹರ್ಟ್ಜ್‌ಗಿಂತ ಕೆಳಗೆ, ನಿಧಾನದ ಹರಿವನ್ನು ಸೋಸಿಬಿಡುವ ವಾಲ್ ಫಿಲ್ಟರ್ ತೀರಾ ಕಡಿಮೆ. ಗೇನ್ ಏರಿಸಿ, ನಾಯ್ಸ್ ಬಂದ ತಕ್ಷಣ ಒಂಚೂರು ಇಳಿಸಿದೆ. ಬೆರಳು ಚಪ್ಪಟೆ, ಸಡಿಲ. ಮೇಲೆ ಜೆಲ್ ಗುಡ್ಡೆ, ಅದರ ಮೇಲೆ ತೇಲುವ ಪ್ರೋಬ್. ಯಾರೂ ಮಾತಾಡಲಿಲ್ಲ. ಕೆಂಪು ಚುಕ್ಕೆ ಒಂದು ಬಂತು, ಇನ್ನೊಂದು ಬಂತು, ಆಮೇಲೆ ನಾಡಿಯ ತಾಳಕ್ಕೆ ಮಿನುಗುವ ಗೊಂಚಲೇ ಬಂತು. ಡಾಪ್ಲರ್ ಕೂಡ ಗ್ರೇಡ್ 2. "ಹೆಬ್ಬೆರಳ ಕಡೆ ತಿರುಗಿಸಿ" ಅಂದರು. ಅಲ್ಲಿ ಎರಡೂ ಪ್ಲೇನ್‌ನಲ್ಲಿ ಕಾಣುವ ಎರೋಷನ್, ಮೂಳೆಯ ಸವೆತ!

ರುಮಟಾಯ್ಡ್ ಅನ್ನಬೇಕಾದರೆ 2010ರ ಎಸಿಆರ್-ಯುಲಾರ್ (ಅಮೆರಿಕ, ಯುರೋಪಿನ ಸಂಧಿವಾತ ತಜ್ಞರ ಸಂಘಗಳು) ಪಟ್ಟಿಯಲ್ಲಿ 10ಕ್ಕೆ 6 ಅಂಕ ಬೇಕು. ಸೀರೋನೆಗೆಟಿವ್, ಅಂದರೆ ಆ ರಕ್ತಪರೀಕ್ಷೆಗಳು ನೆಗೆಟಿವ್ ಆದವರಿಗೆ, ಬಹುಪಾಲು ಅಂಕ ಕೀಲಿನ ಎಣಿಕೆಯಿಂದಲೇ ಬರಬೇಕು. ನನ್ನ ಮೊದಲ ರಿಪೋರ್ಟ್ ಹಾಗೇ ಹೋಗಿದ್ದರೆ ರೋಗವನ್ನು ಹತೋಟಿಗೆ ತರುವ ಮೆಥೊಟ್ರೆಕ್ಸೇಟ್ ತಡವಾಗುತ್ತಿತ್ತು.

ರುಮಟಾಲಜಿಯವರೇ ತಮ್ಮ ಓಪಿಡಿಯಲ್ಲಿ ಒಂದು ಮಷೀನ್ ಇಟ್ಟುಕೊಂಡರೆ ಈ ಓಡಾಟವೇ ಬೇಡ. ಆದರೆ 1994ರ ಪಿಸಿಪಿಎನ್‌ಡಿಟಿ ಕಾಯ್ದೆ ಇದೆ. ಬರೀ ಬೆರಳು ನೋಡುವ ಮಷೀನಿಗೂ ನೋಂದಣಿ ಬೇಕು, ಭ್ರೂಣಲಿಂಗ ಪತ್ತೆ ಮಾಡುವುದಿಲ್ಲವೆಂಬ ಬೋರ್ಡೂ ಬೇಕು. ಕಾಯ್ದೆಯ ಉದ್ದೇಶಕ್ಕೆ ನನ್ನ ತಕರಾರಿಲ್ಲ, ಕಾಗದಪತ್ರಕ್ಕೆ ಮಾತ್ರ. ಬೆರಳಿಗೆ ಹೊಂದುವ ಪುಟ್ಟ 'ಹಾಕಿ-ಸ್ಟಿಕ್' ಪ್ರೋಬ್‌ನ ಇಂಡೆಂಟ್ (ಬೇಡಿಕೆ ಪತ್ರ) ಪರ್ಚೇಸ್‌ನಲ್ಲೇ ಕೂತಿದೆ. ಕೈಗೆಂದೇ ಬೇರೆ ಪ್ರಿಸೆಟ್ ಮಾಡಿಕೊಡಿ ಎಂದು ಅಪ್ಲಿಕೇಶನ್ ಎಂಜಿನಿಯರ್‌ಗೆ ಕೇಳಿದೆ. ಅಡ್ಮಿನ್ ಪಾಸ್‌ವರ್ಡ್ ಬೇಕಂತೆ. ಅದು ಗೊತ್ತಿದ್ದವರು ಕೆಲಸ ಬಿಟ್ಟು ಹೋಗಿದ್ದಾರೆ.