ಅಣ್ಣ ಬೇಡವೆಂದು ಕೊಟ್ಟ ಕ್ಯಾಸೆಟ್ಟು

1985ರ ದೀಪಾವಳಿಗೆ ಬೆಂಗಳೂರಿನಿಂದ ಧಾರವಾಡಕ್ಕೆ ಬಂದ ಅಣ್ಣನ ಚೀಲದಲ್ಲಿ 90 ನಿಮಿಷದ ಒಂದು ಟಿಡಿಕೆ ಕ್ಯಾಸೆಟ್ ಇತ್ತು. ಹಾಸ್ಟೆಲಿನ ಗೆಳೆಯನೊಬ್ಬ ಯಾರದೋ ಎಲ್‌ಪಿಯಿಂದ ತುಂಬಿಸಿ ಕೊಟ್ಟದ್ದು. ಮುಖಚಿತ್ರವಿಲ್ಲ. ಒಳಗಿನ ಚೀಟಿಯ ಮೇಲೆ ನೀಲಿ ಬಾಲ್‌ಪೆನ್ನಿನಲ್ಲಿ ಎಂಟು ಹಾಡುಗಳ ಹೆಸರು, ತಲೆಗೆ ದಪ್ಪಕ್ಷರದಲ್ಲಿ 'ಇನ್ಫಿಡೆಲ್ಸ್, ಬಾಬ್ ಡಿಲನ್, 1983'. ಅಮೆರಿಕದ ಹಾಡುಗಾರ ಡಿಲನ್ನನ ಆಲ್ಬಮ್ ಅದು. ಅಣ್ಣ ಎರಡು ಸಲ ಕೇಳಿದ. ಮೂರನೇ ದಿನ ಅದನ್ನು ನನ್ನ ಕೈಗಿಟ್ಟು, "ಇಂವಾ ಮುಗದಾನವಾ. ನೀನ ಇಟ್ಕೋ. ಬೇಕಂದ್ರ ಅಳಿಸಿ ಬ್ಯಾರೆ ಏನರ ತುಂಬಿಸ್ಕೋ" ಅಂದ.

ನಾನು ಅಳಿಸಲಿಲ್ಲ. ಮೊದಲ ಹಾಡು 'ಜೋಕರ್‌ಮ್ಯಾನ್' ಶುರುವಾದಾಗ ಬರುವ ಆ ಡ್ರಮ್ಮು, ಬೇಸ್ ಗಿಟಾರು ನನ್ನನ್ನು ಹಿಡಿದುಬಿಟ್ಟಿದ್ದವು. ನುಡಿಸಿದವರು ಜಮೈಕಾದ ಸ್ಲೈ ಡನ್‌ಬಾರ್ ಮತ್ತು ರಾಬಿ ಶೇಕ್ಸ್‌ಪಿಯರ್ ಎಂದು ತಿಳಿದದ್ದು ಎಷ್ಟೋ ವರ್ಷಗಳ ಮೇಲೆ. ಆಗ ಗೊತ್ತಿದ್ದದ್ದು ಇಷ್ಟೇ: ಆ ತಾಳಕ್ಕೆ ಅವಸರವಿಲ್ಲ, ಊಟ ಮುಗಿಸಿ ಓಣಿಯಲ್ಲಿ ಅಡ್ಡಾಡುವವರ ಹಾಗೆ ನಡೆಯುತ್ತದೆ. ಅಡುಗೆಮನೆಯಿಂದ ಅವ್ವ "ಯಾರವಾ ಅಂವಾ, ಮೂಗಿನಾಗ ಹಾಡಾಂವಾ?" ಎಂದು ಕೇಳುತ್ತಿದ್ದಳು, ಆದರೆ ನಿಲ್ಲಿಸು ಎಂದು ಒಮ್ಮೆಯೂ ಅನ್ನಲಿಲ್ಲ.

ಅಣ್ಣನ ಮಾತು ಅವನೊಬ್ಬನದೇ ಆಗಿರಲಿಲ್ಲ. ಡಿಲನ್ ಎಂದರೆ 1963ರಿಂದ 66ರವರೆಗೆ, ಆಮೇಲೆ 75ರಲ್ಲಿ ಒಂದಿಷ್ಟು, ಅಲ್ಲಿಗೆ ಲೆಕ್ಕ ಮುಗಿಯಿತು ಎಂದು ನಂಬಿದವರು ಲೋಕದಲ್ಲೆಲ್ಲ ಇದ್ದರು. 1979ರಲ್ಲಿ ಡಿಲನ್ ಕ್ರಿಸ್ತನಿಗೆ ಒಲಿದ. ಆ ವರ್ಷದ ನವೆಂಬರಿನಲ್ಲಿ ಸ್ಯಾನ್ ಫ್ರಾನ್ಸಿಸ್ಕೋದ ವಾರ್ಫೀಲ್ಡ್ ಥಿಯೇಟರಿನಲ್ಲಿ 14 ಕಾರ್ಯಕ್ರಮ ಕೊಟ್ಟು, ತನ್ನ ಹಳೆಯ ಹಾಡು ಒಂದನ್ನೂ ಹಾಡಲಿಲ್ಲ. ಬರೀ ಹೊಸ ಭಕ್ತಿಗೀತೆಗಳು. ಹಳೆಯ ಅಭಿಮಾನಿಗಳು ಸಿಟ್ಟಾದರು. ಮೂರು ಭಕ್ತಿಯ ಆಲ್ಬಮ್ಮುಗಳಾದ ಮೇಲೆ 'ಇನ್ಫಿಡೆಲ್ಸ್' ಬಂತು, 85ರಲ್ಲಿ 'ಎಂಪೈರ್ ಬರ್ಲೆಸ್ಕ್', 86ರಲ್ಲಿ 'ನಾಕ್ಡ್ ಔಟ್ ಲೋಡೆಡ್'. 1980ರ ದಶಕವೆಂದರೆ ಡಿಲನ್ ದಾರಿ ತಪ್ಪಿದ ಕಾಲ ಎಂಬುದು ಬರೆದಿಟ್ಟ ತೀರ್ಪಾಯಿತು. 2004ರ ಆತ್ಮಕಥೆಯಲ್ಲಿ ಅವನೇ ಆ ದಶಕದ ಕೊನೆಯ ಹೊತ್ತಿಗೆ ತಾನು ಉರಿದು ಬೂದಿಯಾದಂತಿದ್ದೆ ಎಂದು ಬರೆದುಕೊಂಡಿದ್ದಾನೆ.

ಆ ತೀರ್ಪಿನಲ್ಲಿ ಮೊದಲ ಬಿರುಕು ಬಿಟ್ಟದ್ದು 1991ರಲ್ಲಿ. ಅಭಿಮಾನಿಗಳು ಕಳ್ಳ ಪ್ರತಿಗಳಲ್ಲಿ ಹಂಚಿಕೊಳ್ಳುತ್ತಿದ್ದ ಸರಕನ್ನು ಕಂಪನಿಯೇ ಹೊರತಂದು, ಅದಕ್ಕೆ 'ಬೂಟ್‌ಲೆಗ್ ಸೀರೀಸ್' ಎಂದೇ ಹೆಸರಿಟ್ಟಿತು. ಒಟ್ಟಿಗೆ ಬಂದ ಮೊದಲ ಮೂರು ಕಂತುಗಳಲ್ಲಿ 58 ಹಾಡುಗಳು. ಅದರಲ್ಲಿ 1983ರ ಮೇ 5ರಂದು 'ಇನ್ಫಿಡೆಲ್ಸ್'ಗಾಗಿ ಧ್ವನಿಮುದ್ರಿಸಿ, ಕೊನೆಗೆ ಕೈಬಿಟ್ಟ ಒಂದು ಹಾಡು ಇತ್ತು: 'ಬ್ಲೈಂಡ್ ವಿಲ್ಲಿ ಮೆಕ್‌ಟೆಲ್'. ನಾನು ಕೇಳುವ ಹೊತ್ತಿಗೆ ಇನ್ನೂ ಹದಿಮೂರು ವರ್ಷ ಕಳೆದಿತ್ತು, ಅಣ್ಣನ ಮಗ ಸಿಡಿಯೊಂದರಲ್ಲಿ ಹಾಕಿಕೊಟ್ಟಿದ್ದ. ಡಿಲನ್ ಪಿಯಾನೋ ನುಡಿಸುತ್ತಾನೆ, ಮಾರ್ಕ್ ನಾಪ್ಲರ್ ಗಿಟಾರ್ ಹಿಡಿದಿದ್ದಾನೆ. ಇಬ್ಬರೇ. ನನ್ನ ಕ್ಯಾಸೆಟ್ಟಿನ ಎಂಟು ಹಾಡುಗಳನ್ನು ಇಪ್ಪತ್ತು ವರ್ಷ ಕೇಳಿ ಬಾಯಿಪಾಠ ಮಾಡಿದವಳಿಗೆ, ಅವುಗಳ ಪಕ್ಕದಲ್ಲೇ ಹುಟ್ಟಿದ ಒಂಬತ್ತನೆಯದು ಅಷ್ಟನ್ನೂ ಮೀರಿಸುವಂಥದು ಎಂದು ಆ ದಿನ ಗೊತ್ತಾಯಿತು. ಬ್ಯಾಂಕಿನಿಂದ ಬಂದವಳು ಚಪ್ಪಲಿ ಕಳಚದೆ ಪಡಸಾಲೆಯ ಕುರ್ಚಿಯಲ್ಲಿ ಕೂತು ಮೂರು ಸಲ ಕೇಳಿದೆ.

ಮೆಕ್‌ಟೆಲ್ ಜಾರ್ಜಿಯಾ ರಾಜ್ಯದ ಕಪ್ಪು ಹಾಡುಗಾರ. ಕಣ್ಣಿಲ್ಲ. 12 ತಂತಿಯ ಗಿಟಾರ್ ಹಿಡಿದು ಬೀದಿಯಲ್ಲಿ ಹಾಡಿದವನು, 1959ರಲ್ಲಿ ತೀರಿಕೊಂಡ. ಡಿಲನ್ನನ ಹಾಡಿನಲ್ಲಿ ಅವನ ಜೀವನದ ಕತೆ ಇಲ್ಲ. ಬಾಗಿಲ ಕಂಬದ ಮೇಲಿನ ಬಾಣದ ಗುರುತು, ಉರಿಯುವ ತೋಟಗಳು, ಚಾಟಿಯೇಟಿನ ಸದ್ದು, ಗುಲಾಮರನ್ನು ಹೊತ್ತು ತಂದ ಹಡಗುಗಳ ಪ್ರೇತಗಳು, ಹೀಗೆ ಒಂದು ದೇಶದ ಪಾಪವೆಲ್ಲ ಒಂದೊಂದು ಗೆರೆಯಲ್ಲಿ ಹಾದುಹೋಗುತ್ತದೆ. ಪ್ರತಿ ನುಡಿಯೂ ಕೊನೆಗೆ ಆ ಕುರುಡನ ಹೆಸರಿಗೇ ಬಂದು ನಿಲ್ಲುತ್ತದೆ. ಅವನ ಹಾಗೆ ಹಾಡುವವರು ಬೇರೆ ಇಲ್ಲ ಎಂಬ ಒಂದೇ ಮಾತು.

ನಮ್ಮ ಕಡೆ ಬೆಳೆದ ಕಿವಿಗೆ ಅದು ಅಂಕಿತ. ಬಸವಣ್ಣನವರ ವಚನ ಕೂಡಲಸಂಗಮದೇವನನ್ನು ಮುಟ್ಟುತ್ತದೆ, ದಾಸರ ಪದ ಪುರಂದರ ವಿಠಲನನ್ನು. ಆ ಜಾಗದಲ್ಲಿ ಇರುವುದು ಹಾಡು ಯಾರಿಗೆ ಸಲ್ಲಬೇಕೋ ಅವರ ಹೆಸರು. ಮೂರು ಆಲ್ಬಮ್ಮುಗಳುದ್ದಕ್ಕೂ ಕ್ರಿಸ್ತನನ್ನೇ ಹಾಡಿದ ಮನುಷ್ಯ, ನಾಲ್ಕನೆಯದಕ್ಕೆ ಕೂತಾಗ ಆ ಸ್ಥಾನಕ್ಕೆ ಒಬ್ಬ ಬೀದಿ ಹಾಡುಗಾರನನ್ನು ತಂದು ಕೂರಿಸಿದ್ದಾನೆ. ಭಕ್ತಿ ಹೋಯಿತು, ಮತ್ತೆ ಹಳೆಯ ಡಿಲನ್ ಬಂದ ಎಂದು ಆ ಕಾಲದ ಬಗ್ಗೆ ಹೇಳುವುದನ್ನು ಕೇಳಿದ್ದೇನೆ. ನನಗೆ ಹಾಗೆ ಕೇಳಿಸುವುದಿಲ್ಲ. ಭಕ್ತಿ ಅಲ್ಲೇ ಇದೆ, ಅಂಕಿತ ಬದಲಾಗಿದೆ. ಆ ಮೂರು ವರ್ಷ ಹಾಗೆ ಹಾಡದೇ ಇದ್ದಿದ್ದರೆ ಈ ಹಾಡು ಅವನಿಗೆ ದಕ್ಕುತ್ತಿರಲಿಲ್ಲ ಎಂದೇ ನನ್ನ ನಂಬಿಕೆ.

ಇಂಥದ್ದನ್ನು ಯಾಕೆ ಬಿಟ್ಟ? ನಾಪ್ಲರ್ ಆ ಆಲ್ಬಮ್ಮಿನ ನಿರ್ಮಾಪಕನೂ ಹೌದು. ಧ್ವನಿಮುದ್ರಣ ಮುಗಿಯುತ್ತಲೇ ತನ್ನ ಡೈರ್ ಸ್ಟ್ರೇಟ್ಸ್ ತಂಡದ ಜೊತೆ ಪ್ರವಾಸಕ್ಕೆ ಹೊರಟ. ಅವನಿಲ್ಲದಾಗ ಡಿಲನ್ ಕೆಲವನ್ನು ಮತ್ತೆ ಹಾಡಿದ, ಕೆಲವನ್ನು ತೆಗೆದ. ಈ ಹಾಡು ಸರಿಯಾಗಿ ಮುದ್ರಣವಾಗಿರಲಿಲ್ಲ ಎಂದು ಮರುವರ್ಷ ಹೇಳಿದ. 2006ರ ಸಂದರ್ಶನದಲ್ಲಂತೂ ಅದು ವಾದ್ಯದವರಿಗೆ ತೋರಿಸಲು ಹಾಡಿದ ಕರಡು ಇರಬೇಕು, ಪೂರ್ತಿ ಬೆಳೆದೇ ಇರಲಿಲ್ಲ ಎಂದ. ಬೇರೆಯವರು ಹಾಡಿದ್ದನ್ನು ಕೇಳಿದ ಮೇಲೆಯೇ 1997ರಿಂದ ತಾನೂ ವೇದಿಕೆಯಲ್ಲಿ ಹಾಡತೊಡಗಿದ.

ಬೆಳೆದೇ ಇರಲಿಲ್ಲ ಎಂಬ ಮಾತನ್ನು ನಾನು ವಿನಯದ ಮಾತೆಂದು ತಿಳಿದಿದ್ದೆ. 2021ರ ಸೆಪ್ಟೆಂಬರಿನಲ್ಲಿ ಸರಣಿಯ 16ನೇ ಕಂತು ಬಂತು. 1980ರಿಂದ 85ರವರೆಗಿನ ಸರಕು, ಐದು ಸಿಡಿ, 57 ಮುದ್ರಿಕೆಗಳು. ಅಷ್ಟೊತ್ತಿಗೆ ನಾನು ಬ್ಯಾಂಕಿನಿಂದ ನಿವೃತ್ತಳಾಗಿದ್ದೆ. ಸಂಜೆ ಮಾಳಿಗೆಯ ಮೇಲೆ, ಕಿವಿಗೆ ಇಯರ್‌ಫೋನ್ ಸಿಕ್ಕಿಸಿಕೊಂಡು, ದಿನಕ್ಕೊಂದು ಸಿಡಿಯಷ್ಟು ಕೇಳಿದೆ. ಅಲ್ಲಿ 'ಬ್ಲೈಂಡ್ ವಿಲ್ಲಿ' ಪೂರ್ತಿ ತಂಡದೊಂದಿಗೆ ಇದೆ. ಅದೇ ಡನ್‌ಬಾರ್, ಅದೇ ಶೇಕ್ಸ್‌ಪಿಯರ್, ನನ್ನ ಕ್ಯಾಸೆಟ್ಟಿನ ತಾಳವೇ. ಮೇಲೆ ಮಿಕ್ ಟೇಲರನ ಸ್ಲೈಡ್ ಗಿಟಾರ್, ಡಿಲನ್ ಬಿಟ್ಟ ಸಾಲನ್ನು ಎತ್ತಿಕೊಂಡು ಮುಂದಕ್ಕೆ ಒಯ್ಯುತ್ತದೆ. ಇದನ್ನು ಕೇಳಿದರೆ ಅವನು ಸುಳ್ಳು ಹೇಳಿರಲಿಲ್ಲ ಎಂದು ಗೊತ್ತಾಗುತ್ತದೆ. ಅವನ ತಲೆಯಲ್ಲಿ ಹಾಡು ಇದಾಗಿತ್ತು, ಅಥವಾ ಇದರ ಆಚೆಗಿನದು ಯಾವುದೋ ಆಗಿತ್ತು. ಪಿಯಾನೋದ ಮುದ್ರಿಕೆಯಲ್ಲಿ ಅವನು ಒಬ್ಬಂಟಿಯಾಗಿ ಕಿಟಕಿಯಿಂದ ಹೊರಗೆ ನೋಡುತ್ತಿದ್ದಾನೆ. ಇದರಲ್ಲಿ ಕೆಳಗಿಳಿದು ಮೆರವಣಿಗೆಯ ಜೊತೆ ನಡೆಯುತ್ತಿದ್ದಾನೆ.

ಧಾರವಾಡದವರಿಗೆ ಇದನ್ನು ವಿವರಿಸಬೇಕಿಲ್ಲ. ಹಿಂದೂಸ್ತಾನಿ ಗಾಯಕ ಮಲ್ಲಿಕಾರ್ಜುನ ಮನ್ಸೂರರು ಒಂದೇ ಬಂದಿಶ್, ಅಂದರೆ ರಾಗಕ್ಕೆ ಕಟ್ಟಿದ ಒಂದೇ ಹಾಡು, ಹತ್ತು ಕಡೆ ಹಾಡಿದರೆ ಹತ್ತೂ ಬೇರೆಯಾಗಿರುತ್ತಿತ್ತು. ಯಾವುದು ಮೂಲ ಎಂದು ಯಾರೂ ಕೇಳುವುದಿಲ್ಲ, ಅವತ್ತು ಹೆಂಗ ಹಾಡಿದರು ಎಂದಷ್ಟೇ ಕೇಳುತ್ತಾರೆ. ಆದರೆ ಎಲ್‌ಪಿಯ ಲೋಕದಲ್ಲಿ ಅಂಗಡಿಗೆ ಬಂದದ್ದೇ ಹಾಡು, ಉಳಿದದ್ದು ಕಸ. ಅವತ್ತಿನ ಬೈಠಕ್ ಒಂದನ್ನೇ ಹಿಡಿದು ಇಡೀ ಆರು ವರ್ಷಕ್ಕೆ ಅಂಕ ಹಾಕಿದೆವು. ಈ ಐದು ಸಿಡಿಗಳನ್ನು ಕೇಳಿ ನನಗೆ ಮನವರಿಕೆಯಾದದ್ದು ಇದು: ಆ ಕಾಲದಲ್ಲಿ ಅವನ ಹಾಡು ಬತ್ತಿರಲಿಲ್ಲ. ಎಲ್ಲಿ ನಿಲ್ಲಿಸಬೇಕು, ಯಾವುದನ್ನು ಇಟ್ಟುಕೊಳ್ಳಬೇಕು ಎಂಬಲ್ಲಿ ಕೈ ತಡವರಿಸುತ್ತಿತ್ತು.

'ಫೂಟ್ ಆಫ್ ಪ್ರೈಡ್' ಅದಕ್ಕೆ ಸಾಕ್ಷಿ. ಅದೂ 'ಇನ್ಫಿಡೆಲ್ಸ್'ನಿಂದ ಹೊರಬಿದ್ದದ್ದೇ. ಅದು ಮೊದಲಿಗೆ 'ಟೂ ಲೇಟ್' ಎಂಬ ಹೆಸರಿನಲ್ಲಿತ್ತು. ಈ ಕಂತಿನಲ್ಲಿ ಒಂದರ ಹಿಂದೊಂದು ಮೂರು ಮುದ್ರಿಕೆಗಳಿವೆ: ಬರೀ ಗಿಟಾರಿನ 'ಟೂ ಲೇಟ್', ತಂಡದೊಂದಿಗಿನ 'ಟೂ ಲೇಟ್', ಆಮೇಲೆ 'ಫೂಟ್ ಆಫ್ ಪ್ರೈಡ್'. ಸಾಲುಗಳು ಜಾಗ ಬದಲಿಸುತ್ತವೆ, ಧಾಟಿ ಬಿಗಿಯಾಗುತ್ತದೆ, ದುಃಖದ ಹಾಡು ಕೋಪದ ಹಾಡಾಗುತ್ತದೆ. ಮುಗಿದುಹೋದ ಮನುಷ್ಯ ಹೀಗೆ ದುಡಿಯುವುದಿಲ್ಲ.

'ಎಂಪೈರ್ ಬರ್ಲೆಸ್ಕ್' ಬಗ್ಗೆ ನನಗೂ ಅಸಮಾಧಾನವಿತ್ತು. ಆ ಆಲ್ಬಮ್ಮಿನ ಸದ್ದು ಕೂಡಿಸಿದವನು ಹಿಪ್-ಹಾಪ್, ಡಾನ್ಸ್ ಹಾಡುಗಳಿಗೆ ಹೆಸರಾದ ಆರ್ಥರ್ ಬೇಕರ್. ಡ್ರಮ್ಮಿನ ಪ್ರತಿ ಪೆಟ್ಟೂ ತಗಡಿನ ಗೋದಾಮಿನ ಬಾಗಿಲು ಬಡಿದಂತೆ. ಈ ಕಂತಿನಲ್ಲಿ ಆ ಹೊದಿಕೆ ತೆಗೆದ ಮೇಲೆ 'ಎಮೋಷನಲಿ ಯುವರ್ಸ್', 'ಐಲ್ ರಿಮೆಂಬರ್ ಯು' ಎಷ್ಟು ಮೆತ್ತಗಿನ, ಬಿಚ್ಚುಮನಸ್ಸಿನ ಹಾಡುಗಳು! ಧ್ವನಿಯ ನಡುಕವೂ ಕೇಳಿಸುತ್ತದೆ.

ಈ ಸಂಪುಟದ ಮುಕುಟ ಮಾತ್ರ 'ನ್ಯೂ ಡ್ಯಾನ್‌ವಿಲ್ ಗರ್ಲ್'. ನಾಟಕಕಾರ ಸ್ಯಾಮ್ ಶೆಪರ್ಡ್ ಜೊತೆ ಬರೆದು, 1984ರ ಡಿಸೆಂಬರಿನಲ್ಲಿ ಹಾಡಿದ್ದು. ಹನ್ನೊಂದು ನಿಮಿಷಕ್ಕೂ ಮಿಕ್ಕಿದ ಕತೆ. ಗ್ರೆಗರಿ ಪೆಕ್ ನಟಿಸಿದ ಸಿನಿಮಾ ಒಂದನ್ನು ನೋಡಿದ ನೆನಪಿನಿಂದ ಹಾಡು ಶುರುವಾಗುತ್ತದೆ. ಆ ಸಿನಿಮಾದಲ್ಲಿ ಹೆಸರಾಂತ ಬಂದೂಕುಗಾರನನ್ನು ಒಬ್ಬ ಹುಡುಗ ಹಿಂದಿನಿಂದ ಗುಂಡಿಕ್ಕಿ ಕೊಲ್ಲುತ್ತಾನೆ. ಹೇಳುವವನಿಗೆ ಎಲ್ಲಿ ನೋಡಿದೆ, ಯಾರ ಜೊತೆ ನೋಡಿದೆ ಎಂಬುದು ಕಲಸಿಹೋಗಿದೆ. ಹಾಗೆಯೇ ಬಿಟ್ಟುಹೋದ ಹುಡುಗಿಯ ನೆನಪೂ. ಸಿನಿಮಾ ಎಲ್ಲಿ ಮುಗಿಯಿತು, ಬಾಳು ಎಲ್ಲಿ ಶುರುವಾಯಿತು ಎಂದು ಕೇಳುವವರಿಗೂ ತಿಳಿಯುವುದಿಲ್ಲ. 86ರಲ್ಲಿ ಇದರ ಮೇಲೆಯೇ ಹೆಣ್ಣುಮಕ್ಕಳ ಹಿಮ್ಮೇಳ, ಸ್ಯಾಕ್ಸೊಫೋನು ಕೂಡಿಸಿ, ಸಾಲು ತಿದ್ದಿ 'ಬ್ರೌನ್ಸ್‌ವಿಲ್ ಗರ್ಲ್' ಮಾಡಿದ. ಅದೂ ಒಳ್ಳೆಯದೇ. ಆದರೆ ಅಲ್ಲಿ ಅವನು ಸಭೆಗೆ ಹೇಳುತ್ತಿದ್ದಾನೆ. ಇಲ್ಲಿ ರಾತ್ರಿ ಬಸ್ಸಿನಲ್ಲಿ ಪಕ್ಕದ ಸೀಟಿನವನು ಕತ್ತಲೆಗೆ ಹೇಳಿಕೊಳ್ಳುವ ಹಾಗೆ ಹೇಳುತ್ತಾನೆ, ಮಾತು ತಡೆದಲ್ಲಿ ತಡೆದೇ ಬಿಡುತ್ತಾನೆ.

ಎಲ್ಲವೂ ಹೀಗೆಯೇ ಎಂದು ಹೇಳಲಾರೆ. ಮೊದಲ ಸಿಡಿಯಲ್ಲಿ ರಿಹರ್ಸಲ್ಲಿಗೆಂದು ಹಾಡಿದ ಬೇರೆಯವರ ಹಾಡುಗಳಿವೆ. 'ಸ್ವೀಟ್ ಕ್ಯಾರೊಲೈನ್' ಅನ್ನು ಇನ್ನೊಮ್ಮೆ ಕೇಳುವ ಮನಸ್ಸಾಗಿಲ್ಲ. 'ಇನ್ಫಿಡೆಲ್ಸ್'ನಲ್ಲೂ 'ಯೂನಿಯನ್ ಸನ್‌ಡೌನ್' ನನಗೆ ಮೊದಲಿನಿಂದಲೂ ಸಪ್ಪೆ. ಅದಕ್ಕೆ ಜಾಗ ಕೊಟ್ಟು 'ಬ್ಲೈಂಡ್ ವಿಲ್ಲಿ'ಯನ್ನು ಬಿಟ್ಟದ್ದನ್ನು ಇವತ್ತಿಗೂ ಒಪ್ಪಲಾರೆ.

ಕೇಳಿ ಮುಗಿಸಿದ ರಾತ್ರಿ ಮೈಸೂರಿನಲ್ಲಿರುವ ಅಣ್ಣನಿಗೆ ಎರಡೂ 'ಬ್ಲೈಂಡ್ ವಿಲ್ಲಿ'ಗಳನ್ನು ವಾಟ್ಸಾಪಿನಲ್ಲಿ ಕಳಿಸಿದೆ. ಬೆಳಿಗ್ಗೆ ಆರಕ್ಕೇ ಫೋನ್ ಬಂತು. "ಪಿಯಾನೋದ್ದು ಖರೇ ಹಾಡು. ಇದಕ್ಕ ಡ್ರಮ್ಮ ಯಾಕ ಬೇಕಿತ್ತು?" ಅಂದ.

"ಡ್ರಮ್ ಇಲ್ಲಂದ್ರ ಅದು ಬರೇ ದುಃಖ ಅಣ್ಣಾ. ಇದ್ರ ನಡಿಗಿ ಬರ್ತದ. ನೀ ಇನ್ನೊಮ್ಮೆ ಕೇಳು" ಅಂದೆ.

ಸ್ವಲ್ಪ ಹೊತ್ತು ಸುಮ್ಮನಿದ್ದ. "ಆ ಕ್ಯಾಸೆಟ್ ಇನ್ನೂ ಐತೇನವಾ?" ಎಂದು ಕೇಳಿದ.

ಇದೆ. ಒಳಗಿನ ಸ್ಪಂಜಿನ ತುಂಡು ಉದುರಿಹೋಗಿದೆ, ಟೇಪು ಸುಕ್ಕಾಗಿದೆ, ಹಾಕಲು ಪ್ಲೇಯರೂ ಉಳಿದಿಲ್ಲ. ಚೀಟಿ ಮಾತ್ರ ಗಟ್ಟಿಯಾಗಿದೆ. ಫೋಟೋ ತೆಗೆದು ಕಳಿಸಿದೆ. 'ಎ' ಬದಿಯಲ್ಲಿ ನೀಲಿ ಅಕ್ಷರದ ಎಂಟು ಹೆಸರು. 'ಬಿ' ಬದಿಯ ಗೆರೆಗಳು ಖಾಲಿ. ಅವನ ಗೆಳೆಯ ಅಲ್ಲಿ ಏನನ್ನೂ ತುಂಬಿಸಿರಲಿಲ್ಲ.

ಈಗ ಮೂರು ವಾರದಿಂದ ಆ 45 ನಿಮಿಷಕ್ಕೆ ಯಾವ ಹಾಡು ಬರೆಯಬೇಕು ಎಂದು ಫೋನಿನಲ್ಲಿ ಮಾತು ನಡೆದಿದೆ. 'ನ್ಯೂ ಡ್ಯಾನ್‌ವಿಲ್ ಗರ್ಲ್' ಕೊನೆಗೆ ಎಂಬುದಕ್ಕೆ ಇಬ್ಬರದೂ ಒಪ್ಪಿಗೆ. 'ಫೂಟ್ ಆಫ್ ಪ್ರೈಡ್' ನಾನು ಹಟ ಹಿಡಿದು ಸೇರಿಸಿದ್ದು. ಅಣ್ಣ 1980ರ 'ಎವ್ರಿ ಗ್ರೇನ್ ಆಫ್ ಸ್ಯಾಂಡ್' ಬೇಕೆಂದ. ಜೆನಿಫರ್ ವಾರ್ನ್ಸ್ ದನಿಗೂಡಿಸಿದ ಕರಡು ಅದು, ನಡುವೆ ಎಲ್ಲೋ ನಾಯಿ ಬೊಗಳುವುದೂ ಕೇಳಿಸುತ್ತದೆ. ಭಕ್ತಿಯ ಡಿಲನ್ನನನ್ನು ನಲವತ್ತು ವರ್ಷ ಹತ್ತಿರ ಸೇರಿಸದವನು ತಾನಾಗಿ ಕೇಳಿದ್ದಕ್ಕೆ ಮರುಮಾತಾಡದೆ ಬರೆದುಕೊಂಡೆ. ಮೊದಲ ಗೆರೆಯಲ್ಲಿ 'ಬ್ಲೈಂಡ್ ವಿಲ್ಲಿ ಮೆಕ್‌ಟೆಲ್' ಎಂದು ಪೆನ್ಸಿಲಿನಲ್ಲಿ ಬರೆದಿದ್ದೇನೆ. ಯಾವುದು ಎಂಬುದು ಇನ್ನೂ ತೀರ್ಮಾನವಾಗಿಲ್ಲ.