ಬುಡ ನೋಡದೆ ಕೊಂಬೆಗೆ ಗರಗಸ ಇಡಬೇಡಿ

‘ತಂತಿಗೆ ತಾಗುತ್ತಿರುವ ರಸ್ತೆ ಬದಿಯ ಕೊಂಬೆ ತೆರವು.’ ವರ್ಕ್ ಆರ್ಡರ್‌ನಲ್ಲಿ ಇದ್ದದ್ದು ಇಷ್ಟೇ. ಮಲ್ಲೇಶ್ವರದ ಒಂದು ಕ್ರಾಸ್, ಹಳೆಯ ಮಳೆಮರ, ಸುತ್ತಳತೆ 3.6 ಮೀಟರ್, ಮನೆಗಳ ಕಡೆಗೆ ತುಸು ವಾಲಿದ್ದು. ಏಪ್ರಿಲ್ ತಿಂಗಳು, ಗಾಳಿಮಳೆಗೆ ಮುಂಚೆ ಕೊಂಬೆ ಸವರುವ ಲಾಪಿಂಗ್ ಭರಾಟೆ. ಎಲ್‌ಸಿ (ಲೈನ್ ಕ್ಲಿಯರ್, ಅಂದರೆ ಕೆಲಸಕ್ಕಾಗಿ ತಂತಿಯ ಕರೆಂಟ್ ತೆಗೆದಿರುವ ಅವಧಿ) ಸಿಕ್ಕಿದ್ದು ಎರಡೇ ಗಂಟೆಗಳ ಮಟ್ಟಿಗೆ, ಗ್ಯಾಂಗ್‌ಗೆ ಇನ್ನೂ ಬೇರೆ ಸ್ಪಾಟ್‌ಗಳು ಬಾಕಿ. ಆಳನ್ನು ಮೇಲೆತ್ತುವ ಸ್ಕೈಲಿಫ್ಟ್ ವಾಹನ ನಿಂತು, ರಸ್ತೆ ಮೇಲೆ ಚಾಚಿದ್ದ ದೊಡ್ಡ ಕೊಂಬೆಗೆ ಅಡಿಗಾಯ, ಅಂದರೆ ಕೆಳಗಿನಿಂದ ಮೊದಲ ಕೊಯ್ತ, ಹಾಕಿಯೂ ಆಗಿತ್ತು.

ಆಗ ಕೆಳಗೆ ಹಗ್ಗ ಹಿಡಿದಿದ್ದವನ ಕಣ್ಣಿಗೆ ಬಿದ್ದದ್ದು ಚರಂಡಿ ಗೋಡೆಗೂ ಫುಟ್‌ಪಾತಿನ ಮಣ್ಣಿಗೂ ನಡುವಿನ ಬಿರುಕು. ಬೆರಳಗಲ, ಬುಡವನ್ನು ಬಳಸಿಕೊಂಡು ಬಿಲ್ಲಿನಂತೆ ಬಾಗಿತ್ತು. ಗಾಳಿ ಬೀಸಿದಾಗ ತೆರೆದುಕೊಂಡು ಜಲ್ಲಿಪುಡಿ ಒಳಗೆ ಉದುರುತ್ತಿತ್ತು. ಗಾಳಿ ನಿಂತಾಗ ಮತ್ತೆ ಮುಚ್ಚಿಕೊಳ್ಳುತ್ತಿತ್ತು. ಒಣಮಣ್ಣಿನ ಬಿರುಕು ಹೀಗೆ ಉಸಿರಾಡುವುದಿಲ್ಲ. ಬೇರಿನ ಗಡ್ಡೆಯೇ ಮೇಲೇಳುತ್ತಿದೆ ಅಂತ ಅರ್ಥ.

ಚರಂಡಿ ಕಾಮಗಾರಿಯಲ್ಲಿ ಜೆಸಿಬಿ ಬುಡದಿಂದ ಒಂದೂವರೆ ಮೀಟರ್ ದೂರದಲ್ಲಿ ನೇರ ಗೆರೆ ಎಳೆದಂತೆ ಅಗೆದಿತ್ತು. ಮರ ಮನೆ ಕಡೆಗೆ ವಾಲಿದ್ದರೆ ಅದನ್ನು ಹಿಡಿದು ನಿಲ್ಲಿಸುವುದು ರಸ್ತೆ ಕಡೆಯ ಬೇರುಗಳು, ಡೇರೆಯ ಹಗ್ಗದ ಹಾಗೆ. ಆ ಬೇರುಗಳೇ ತುಂಡಾಗಿದ್ದವು. ಉಳಿದಿದ್ದ ಆಸರೆ ರಸ್ತೆ ಮೇಲಿನ ಆ ಕೊಂಬೆಯ ಭಾರ ಮಾತ್ರ. ಆರ್ಡರ್ ತೆಗೆಯಲು ಹೇಳಿದ್ದು ಅದನ್ನೇ.

ಮುಂದಿನ ಹತ್ತು ಹದಿನೈದು ನಿಮಿಷ ಎಲ್ಲರ ಕಣ್ಣೂ ಬಿರುಕಿನ ಮೇಲೆ. ಗರಗಸ ಆಫ್, ಸ್ಕೈಲಿಫ್ಟಿನ ತೋಳು (ಬೂಮ್) ಕೆಳಗೆ. ವಾಲಿದ ಕಡೆಯ ಮನೆಗಳ ಮುಂದಿನ ಕೋಣೆಗಳಿಂದ ಜನರನ್ನು ಹೊರಗೆ ಕರೆದು, ಎರಡೂ ತುದಿಯಲ್ಲಿ ರಸ್ತೆ ಮುಚ್ಚಿದೆವು. ಸೂಪರ್‌ವೈಸರ್ ಎಲ್‌ಸಿ ಮುಗಿಯುತ್ತದೆ ಎಂದು ಫೋನಿನಲ್ಲಿ ಒಂದೇ ಸಮನೆ ಹೇಳುತ್ತಿದ್ದರು. ಆ ಒತ್ತಡಕ್ಕೆ ಮಣಿದು ‘ಅರ್ಧ ಆಗಿದೆ, ಮುಗಿಸಿಬಿಡೋಣ’ ಅನ್ನುವುದೇ ಈ ಕೆಲಸದಲ್ಲಿ ಅತಿ ಅಪಾಯದ ಮಾತು. ಹೈಡ್ರಾ ಕ್ರೇನ್ ಬಂದ ಮೇಲೆ ಮರದ ಮೂರನೇ ಎರಡು ಭಾಗದ ಎತ್ತರಕ್ಕೆ ಅಗಲದ ಬೆಲ್ಟ್ ಸ್ಲಿಂಗ್ ಹಾಕಿ ರಸ್ತೆ ಕಡೆಯಿಂದ ಹಿಡಿಸಿದೆವು. ಸ್ಲಿಂಗ್ ಬಿಗಿಯಾಗಬೇಕು, ಎಳೆಯಬಾರದು. ಎಳೆದರೆ ಉಳಿದ ಬೇರೂ ಕಿತ್ತುಬರುತ್ತದೆ. ಆಮೇಲೆ ಮನೆ ಕಡೆಯ ಭಾರವನ್ನು ತುದಿಯಿಂದ ಒಳಕ್ಕೆ, ಮೀಟರ್ ಉದ್ದದ ತುಂಡುಗಳಾಗಿ ಹಗ್ಗದಲ್ಲಿ ಇಳಿಸಿದ್ದು. 30 ಸೆಂಟಿಮೀಟರ್ ದಪ್ಪದ ಒಂದು ಮೀಟರ್ ಹಸಿ ತುಂಡು 50–70 ಕೆಜಿ ತೂಗುತ್ತದೆ, ಕೈಬಿಟ್ಟು ಬೀಳಿಸುವಂಥದ್ದಲ್ಲ. ಮರ ಹತ್ತಲು ಯಾರನ್ನೂ ಬಿಡಲಿಲ್ಲ, ಎಲ್ಲ ಕೆಲಸವೂ ಬೂಮ್‌ನಿಂದಲೇ. ರಸ್ತೆ ಕಡೆ ತಂತಿಗೆ ತಾಗುತ್ತಿದ್ದ ತುದಿಗಳನ್ನಷ್ಟೇ ಕೊನೆಗೆ, ಪಕ್ಕದ ಕವಲಿನವರೆಗೆ ಮೊಟಕು ಮಾಡಿದ್ದು.

ಹಳೆಯ ಬಡಾವಣೆಗಳಲ್ಲಿ ಇದು ಒಂದು ಮರದ ಪಾಡಲ್ಲ. ಮಲ್ಲೇಶ್ವರ, ಬಸವನಗುಡಿ ಹುಟ್ಟಿದ್ದು 1898ರ ಪ್ಲೇಗಿನ ಹೊತ್ತಿಗೆ. ಬೆಂಗಳೂರಿನ ಬೀದಿಮರಗಳಲ್ಲಿ ಅನೇಕವು 1980ರ ದಶಕದಲ್ಲಿ, ಅರಣ್ಯಾಧಿಕಾರಿ ಎಸ್.ಜಿ. ನೇಗಿನಹಾಳರ ಕಾಲದಲ್ಲಿ, ಒಟ್ಟಿಗೇ ನೆಟ್ಟವು. ಒಟ್ಟಿಗೇ ನೆಟ್ಟದ್ದು ಒಟ್ಟಿಗೇ ಮುಪ್ಪಾಗುತ್ತದೆ. ಅದರ ನಡುವೆ ಚರಂಡಿ, ವೈಟ್‌ಟಾಪಿಂಗ್ (ರಸ್ತೆಗೆ ಕಾಂಕ್ರೀಟ್ ಹೊದಿಕೆ), ಒಎಫ್‌ಸಿ (ಆಪ್ಟಿಕಲ್ ಫೈಬರ್ ಕೇಬಲ್) ಟ್ರೆಂಚ್, ಒಂದಾದ ಮೇಲೊಂದು. ಬೇರಿನ ಬಹುಪಾಲು ಇರುವುದು ಮೇಲಿನ ಎರಡು ಅಡಿ ಮಣ್ಣಿನಲ್ಲಿ. ಹಾಗಾಗಿ ‘ಮೂರಡಿ ಮಾತ್ರ ಅಗೀತೀವಿ’ ಅನ್ನುವ ಕಂಟ್ರಾಕ್ಟರ್ ಎಲ್ಲವನ್ನೂ ಕಡಿದಿರುತ್ತಾನೆ.

ಅಗೆತಕ್ಕೆ ಸುಲಭದ ಲೆಕ್ಕ ಒಂದಿದೆ. ಎದೆಮಟ್ಟದಲ್ಲಿ, ಅಂದರೆ 1.37 ಮೀಟರ್ ಎತ್ತರದಲ್ಲಿ, ಟೇಪ್ ಸುತ್ತಿ. ಆ ಸುತ್ತಳತೆ ಎಷ್ಟೋ ಬುಡದಿಂದ ಅಷ್ಟು ದೂರದೊಳಗೆ ಜೆಸಿಬಿ ಬರಲೇಬಾರದು. ಸುತ್ತಳತೆ ವ್ಯಾಸದ ಮೂರು ಪಟ್ಟು ಚಿಲ್ಲರೆ. ಮರವನ್ನು ಎತ್ತಿ ನಿಲ್ಲಿಸುವ ದಪ್ಪ ಬೇರುಗಳು ಇರುವುದು ಸುಮಾರಾಗಿ ಆ ವಲಯದಲ್ಲೇ. ಮರ ಸೊರಗದೆ ಇರಬೇಕಾದರೆ ವ್ಯಾಸದ ಹನ್ನೆರಡು ಪಟ್ಟು ಜಾಗ ಬೇಕು. ಮೂವತ್ತಡಿ ರಸ್ತೆಯಲ್ಲಿ ಅದನ್ನು ಕೇಳಿದರೆ ಯಾವ ಎಂಜಿನಿಯರೂ ಒಪ್ಪುವುದಿಲ್ಲ. ಕನಿಷ್ಠ ಸುತ್ತಳತೆಯಷ್ಟು ದೂರವನ್ನಾದರೂ ಬಿಡಿಸಬೇಕು. ಆ ವಲಯದೊಳಗೆ ಪೈಪ್ ಹೋಗಲೇಬೇಕಾದರೆ ಕೈಯಲ್ಲಿ ಅಗೆದು ಬೇರಿನ ಅಡಿಯಿಂದ ತೂರಿಸಬೇಕು. ಕಡಿಯಲೇಬೇಕಾದ ಬೇರನ್ನು ಹರಿತ ಗರಗಸದಲ್ಲಿ ನೇರವಾಗಿ ಕೊಯ್ಯಬೇಕು. ಬಕೆಟ್ಟಿನಲ್ಲಿ ಕಿತ್ತರೆ ಸಿಗಿದದ್ದು ಬುಡದವರೆಗೆ ಸಿಗಿಯುತ್ತದೆ, ಕೊಳೆ ಅಲ್ಲಿಂದ ಶುರುವಾಗುತ್ತದೆ.

ಮರ ನೋಡಲು ಹೋದಾಗ ನೆತ್ತಿಗಿಂತ ಮೊದಲು ಬುಡ. ಟೈಲ್ಸ್ ಒಂದೇ ಬದಿಗೆ ಎದ್ದಿದೆಯೇ, ವಾಲಿದ ವಿರುದ್ಧ ದಿಕ್ಕಿನಲ್ಲಿ ಮಣ್ಣು ಬಿರಿದಿದೆಯೇ? ಬೇರು ಕಾಂಡ ಸೇರುವಲ್ಲಿ ಅಣಬೆ ಇದೆಯೇ? ಕೆಂಗಂದು, ವಾರ್ನಿಷ್ ಹೊಳಪು, ಬಿಳಿ ಅಂಚು ಇದ್ದರೆ ಗ್ಯಾನೊಡರ್ಮಾ. ಅದು ಹೊರಗೆ ಕಾಣುವಷ್ಟರಲ್ಲಿ ಒಳಗೆ ಬಹಳ ತಿಂದಿರುತ್ತದೆ, ಅಣಬೆ ಕಿತ್ತೆಸೆದು ಪ್ರಯೋಜನವಿಲ್ಲ. ಆಮೇಲೆ ನೈಲಾನ್ ಮ್ಯಾಲೆಟ್‌ನಿಂದ ಗೇಣಿಗೊಂದರಂತೆ ಸುತ್ತ ತಟ್ಟುತ್ತ ಬರಬೇಕು. ಡಬ್ ಡಬ್ ಎಂದು ಪೊಳ್ಳು ಸದ್ದು ಬಂದ ಕಡೆ ಸೀಮೆಸುಣ್ಣದ ಗುರುತು.

ಪೊಳ್ಳಿದೆ ಎಂದ ಮಾತ್ರಕ್ಕೆ ಕಡಿಯಲು ಬರೆಯುವುದನ್ನು ಒಪ್ಪಲಾರೆ. ಸುತ್ತ ತೆರಪಿಲ್ಲದೆ ತ್ರಿಜ್ಯದ ಮೂರನೇ ಒಂದು ಭಾಗದಷ್ಟು ಗಟ್ಟಿ ಮರ ಉಳಿದಿದ್ದರೆ ಸಾಮಾನ್ಯವಾಗಿ ನಿಲ್ಲುತ್ತದೆ. ಈ ಮಳೆಮರಕ್ಕೆ ಅದು 19 ಸೆಂಟಿಮೀಟರ್. ಬಾಯ್ದೆರೆದ ಪೊಟರೆಯಾದರೆ ಲೆಕ್ಕ ಬಿಗಿ ಮಾಡಬೇಕು. ಪೊಟರೆಗೆ ಸಿಮೆಂಟ್ ತುಂಬುವ ಹಳೆಯ ಪದ್ಧತಿ ಇನ್ನೂ ಕೆಲವು ಕಡೆ ಇದೆ. ಗಾಳಿಗೆ ಮರ ತೂಗಾಡುತ್ತದೆ, ಸಿಮೆಂಟ್ ತೂಗಾಡುವುದಿಲ್ಲ. ನಡುವೆ ಉಜ್ಜಿ, ನೀರು ನಿಂತು ಕೊಳೆ ಜೋರಾಗುತ್ತದೆ. ಪೊಟರೆಯನ್ನು ಗಿಣಿಗೆ, ಹಾಲಕ್ಕಿಗೆ ಬಿಟ್ಟುಬಿಡಿ.

ಕೊಂಬೆ ತೆಗೆಯುವುದಾದರೆ ಮೂರು ಗಾಯ. ಕಾಂಡದಿಂದ ಅಡಿಯಷ್ಟು ಹೊರಗೆ ಕೆಳಗಿನಿಂದ ಕಾಲುಭಾಗ ಒಂದು. ಅದರಿಂದ ಎರಡು ಮೂರು ಬೆರಳು ಹೊರಗೆ ಮೇಲಿನಿಂದ ಪೂರ್ತಿ ಇನ್ನೊಂದು. ಉಳಿದ ಮೋಟನ್ನು ಕಾಲರ್‌ನ ಹೊರಅಂಚಿಗೆ ಮೂರನೆಯದು. ಕಾಲರ್ ಅಂದರೆ ಕೊಂಬೆಯ ಬುಡದಲ್ಲಿ ಉಬ್ಬಿ ಸುಕ್ಕುಗಟ್ಟಿದ ಉಂಗುರ. ಗಾಯ ಮುಚ್ಚುವುದು ಅದೇ, ಅದನ್ನು ಸವರಿದರೆ ಮುಗಿಯಿತು. ಮೊದಲ ಗಾಯ ಬಿಟ್ಟರೆ ಕೊಂಬೆ ಬೀಳುವಾಗ ತೊಗಟೆಯನ್ನು ಕಾಂಡದುದ್ದಕ್ಕೂ ಸುಲಿದುಕೊಂಡು ಬರುತ್ತದೆ. ಟಾರು, ಬಣ್ಣ ಏನೂ ಬೇಡ. ಬದುಕಿರುವ ಹಸಿರಿನಲ್ಲಿ ಒಂದು ಸಲಕ್ಕೆ ಕಾಲುಭಾಗಕ್ಕಿಂತ ಹೆಚ್ಚು ಮುಟ್ಟಬಾರದು, ಮುದಿಮರಕ್ಕೆ ಅದಕ್ಕೂ ಕಡಿಮೆ. ಕೆಲವರು ಬೋಳು ಹೊಡೆಸಿ ನಿಶ್ಚಿಂತರಾಗುತ್ತಾರೆ. ಮೋಟಿನಿಂದ ಹತ್ತಾರು ಚಿಗುರು ಒಟ್ಟಿಗೆ ಎದ್ದು, ನಾಲ್ಕೈದು ಮಳೆಗಾಲದಲ್ಲಿ ತೂಕ ಕಟ್ಟಿ, ತೊಗಟೆಯಡಿಯ ತೆಳುಪದರವನ್ನಷ್ಟೇ ಹಿಡಿದು ನೇತಾಡುತ್ತವೆ. ಗುಲ್‌ಮೊಹರ್‌ನಲ್ಲಿ ಇವು ಮುರಿಯುವುದು ಹೆಚ್ಚು, ಅದರ ಮರವೇ ಪೆಡಸು.

ಬುಡದ ಆರೈಕೆಗೆ ದೊಡ್ಡ ಖರ್ಚಿಲ್ಲ. ಸುತ್ತ ಕನಿಷ್ಠ ಒಂದು ಮೀಟರ್ ಕಾಂಕ್ರೀಟ್ ಒಡೆದು ತೆಗೆಯಿರಿ; ಹಾರೆ ಬೇಡ, ಫೋರ್ಕ್‌ನಲ್ಲಿ ಮೇಲ್ಮಣ್ಣು ಸಡಿಲಿಸಿ. ತರಗೆಲೆಯನ್ನು ಮೂರು ಬೆರಳು ದಪ್ಪ ಹರಡಿ, ಕಾಂಡಕ್ಕೆ ತಾಗದಂತೆ ಗೇಣು ಜಾಗ ಬಿಡಿ. ಅದನ್ನು ಸುಡಬೇಡಿ. ಕಾಂಡಕ್ಕೆ ಬಿಗಿದ ಕೇಬಲ್, ಸೀರಿಯಲ್ ಸೆಟ್ ತಂತಿ, ತೊಗಟೆಯೊಳಗೆ ಹೂತ ಹಳೆಯ ಟ್ರೀಗಾರ್ಡಿನ ಹೊರಗೆ ಉಳಿದ ಭಾಗ ಕತ್ತರಿಸಿ ತೆಗೆಸಿ. ಒಳಗೆ ಸಿಕ್ಕಿಕೊಂಡ ಕಬ್ಬಿಣವನ್ನು ಮಾತ್ರ ಕೀಳಬಾರದು.

ಸ್ವಂತ ಕಾಂಪೌಂಡಿನ ಮರವಾದರೂ ಕಡಿಯಲು 1976ರ ಕರ್ನಾಟಕ ವೃಕ್ಷ ಸಂರಕ್ಷಣಾ ಕಾಯ್ದೆಯಡಿ ವೃಕ್ಷಾಧಿಕಾರಿಯ ಅನುಮತಿ ಬೇಕು. ಅದೇ ಮರದ ಬೇರನ್ನು ಚರಂಡಿಗಾಗಿ ಕಡಿಯುವವರು ಆ ಕಚೇರಿಗೆ ಒಂದು ಮಾತೂ ಹೇಳದೆ ಹೋಗುತ್ತಾರೆ, ನಮಗೆ ಗೊತ್ತಾಗುವುದು ಮರ ವಾಲಿದ ಮೇಲೆ. ನಮ್ಮ ದೂರಿನ ಫಾರ್ಮ್‌ನಲ್ಲಿ ಇರುವ ಆಯ್ಕೆಗಳೂ ‘ಕೊಂಬೆ ತೆರವು’, ‘ಬಿದ್ದ ಮರ’, ‘ಒಣಮರ’ ಇಷ್ಟೇ. ‘ಬೇರು’ ಅನ್ನುವ ಕಾಲಂ ಸೇರಿಸಿ ಎಂದು ಬರೆದು ಕೊಟ್ಟರೂ ಆಗಿಲ್ಲ. ಅಲ್ಲಿಯವರೆಗೆ ನಿವಾಸಿಗಳು ಹೀಗೆ ಮಾಡಬಹುದು: ನಿಮ್ಮ ಬೀದಿಯಲ್ಲಿ ಅಗೆತ ಶುರುವಾದ ದಿನವೇ ಬುಡದ ಫೋಟೊ ತೆಗೆಯಿರಿ, ಪಕ್ಕದಲ್ಲಿ ಟೇಪ್ ಬಿಚ್ಚಿಟ್ಟು. ದೂರಿನ ವಿವರದಲ್ಲಿ ಸುತ್ತಳತೆ, ಅಗೆತದ ದೂರ, ಯಾವ ದಿಕ್ಕಿನ ಬೇರು ಕಡಿದಿದೆ, ಮರ ಯಾವ ಕಡೆ ವಾಲಿದೆ, ಈ ನಾಲ್ಕನ್ನು ಬರೆಯಿರಿ. ವಾಲಿದ ದಿಕ್ಕಿಗೆ ಎದುರಿನ ಬೇರು ಕಡಿದಿದ್ದರೆ ‘ತುರ್ತು’ ಎಂದು ಸೇರಿಸಿ, ಟ್ರೆಂಚ್ ಮುಚ್ಚುವ ಮೊದಲೇ ಸ್ಥಳ ಪರಿಶೀಲನೆ ಕೇಳಿ.